ಅಂಗಡಿಯ ನೌಕರರು ಸಂಘ ಕಟ್ಟಬಾರದೇಕೆ?

ದೀಪಾವಳಿಯ ಹಿಂದಿನ ವಾರ ಹುಬ್ಬಳ್ಳಿಯ ಜವಳಿ ಸಾಲಿನಲ್ಲಾಗಲಿ, ಬೆಂಗಳೂರಿನ ಚಿಕ್ಕಪೇಟೆಯಲ್ಲಾಗಲಿ, ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಾಗಲಿ ಸೀರೆ ಕೊಳ್ಳಲು ಹೋದ ವಾಚಕರು ಒಂದು ಸಂಗತಿಯನ್ನು ಲಕ್ಷ್ಯಕ್ಕೆ ತಂದುಕೊಂಡಿರುವರೋ ಇಲ್ಲವೋ ಅರಿಯೆವು. ಕೊಳ್ಳಲು ಬಂದವರಿಗೆ ಗಾದಿಯುಂಟು, ಕುರ್ಚಿಯುಂಟು, ಕುಡಿಯಲು ತಣ್ಣೀರುಂಟು. ಇಪ್ಪತ್ತು ಸೀರೆಗಳನ್ನು ಬಿಚ್ಚಿ ತೋರಿಸಿ, ಒಂದೂ ಮನಸ್ಸಿಗೆ ಬಾರದೆ ನಾವು ಎದ್ದು ಹೋದ ಮೇಲೆ ಆ ಇಪ್ಪತ್ತನ್ನೂ ತಿರುಗಿ ಮಡಿಸಿಡುವ ಹುಡುಗಿಗೆ ಮಾತ್ರ ಆಸನವಿಲ್ಲ. ಬೆಳಗಿನ ಹತ್ತು ಗಂಟೆಗೆ ನಿಂತವಳು ರಾತ್ರಿ ಒಂಬತ್ತಕ್ಕೆ ಬಾಗಿಲು ಮುಚ್ಚುವ ತನಕ ನಿಂತೇ ಇರತಕ್ಕದ್ದು. ಗಿರಾಕಿಯಿಲ್ಲದ ಮಧ್ಯಾಹ್ನದ ಹೊತ್ತಿನಲ್ಲಿಯೂ ಗೋಡೆಗೆ ಒರಗಿದರೆ ಅದು ಮೈಗಳ್ಳತನವೆಂದು ಎಣಿಕೆಯಾಗುವದು. ನೋಡುವವರಿಗೆ ಇದು ಸಣ್ಣ ಮಾತು. ದಿನಕ್ಕೆ ಹತ್ತು ಹನ್ನೊಂದು ತಾಸಿನಂತೆ, ವರ್ಷಕ್ಕೆ ಮುನ್ನೂರು ದಿನದಂತೆ, ಹತ್ತು ವರ್ಷ ನಿಂತ ಕಾಲುಗಳಿಗೆ ಇದು ಸಣ್ಣ ಮಾತಲ್ಲ.

ಈಚೆಗೆ ಒಂದು ದೊಡ್ಡ ಮಳಿಗೆಯ ನೌಕರರು ಕೆಲವರು ತಮ್ಮ ಅಹವಾಲನ್ನು ಬರೆದುಕೊಂಡು ಸಲಹೆ ಕೇಳಲು ನಮ್ಮಲ್ಲಿಗೆ ಬಂದಿದ್ದರು. ಮಳಿಗೆಯ ಹೆಸರು ಇಲ್ಲಿ ಬೇಕಿಲ್ಲ. ಏಕೆಂದರೆ ಈ ಅಹವಾಲು ಒಂದೇ ಮಳಿಗೆಯದಲ್ಲ. ಅವರ ಕೈಯಲ್ಲಿ ನೇಮಕದ ಪತ್ರವಿಲ್ಲ. ವಾರದ ರಜೆಯು ಹಬ್ಬದ ತಿಂಗಳು ಬಂದೊಡನೆ ಮಾಯವಾಗುವದು. ಹತ್ತು ನಿಮಿಷ ತಡವಾದರೆ ಅರ್ಧ ದಿನದ ಪಗಾರಕ್ಕೆ ಕತ್ತರಿ. ರಾತ್ರಿ ಎರಡು ತಾಸು ಹೆಚ್ಚು ನಿಲ್ಲಿಸಿಕೊಂಡರೆ ಅದಕ್ಕೆ ಬಿಡಿಗಾಸಿಲ್ಲ. ದಾಸ್ತಾನಿನ ಲೆಕ್ಕದಲ್ಲಿ ಒಂದು ಸೀರೆ ಕಡಮೆ ಬಿದ್ದರೆ, ಕದ್ದವರು ಯಾರೇ ಆಗಲಿ, ಆ ಅಂತಸ್ತಿನವರೆಲ್ಲರ ಪಗಾರದಿಂದ ಅದರ ಬೆಲೆಯನ್ನು ಮುರಿದುಕೊಳ್ಳುವರು. ಅಷ್ಟು ಜನ ಹೆಂಗಸರಿಗೆ ಒಂದೇ ಶೌಚಗೃಹ. ಅಲ್ಲಿಗೆ ಹೋಗಿಬರಲು ಮೇಲ್ವಿಚಾರಕನ ಅಪ್ಪಣೆಯಾಗಬೇಕು. ಆದುದರಿಂದ ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವದನ್ನೇ ಬಿಟ್ಟಿರುವೆವೆಂದು ಅವರಲ್ಲಿ ವಯಸ್ಸಾದ ಒಬ್ಬ ತಾಯಿಯು ತಲೆ ತಗ್ಗಿಸಿ ಹೇಳಿದರು. ಆ ಅಹವಾಲಿಗೆ ಸಹಿ ಹಾಕಿದವರಲ್ಲಿ ಇಬ್ಬರಿಗೆ ವಾರದೊಳಗಾಗಿ ದೂರದ ಊರಿನ ಶಾಖೆಗೆ ವರ್ಗದ ಆಜ್ಞೆ ಬಂದಿತು. ಉಳಿದವರು ಕೇಳುವ ಪ್ರಶ್ನೆ ಇಷ್ಟೇ: "ವಕೀಲ ಸಾಹೇಬರೇ, ನಾವು ಸಂಘ ಕಟ್ಟಿಕೊಳ್ಳಬಹುದೇ? ಕಟ್ಟಿದರೆ ನಮ್ಮ ಗತಿಯೇನು?" ಅವರಿಗೆ ಖಾಸಗಿಯಾಗಿ ಕೊಟ್ಟ ಉತ್ತರವನ್ನೇ ಇಲ್ಲಿ ಬಹಿರಂಗವಾಗಿ ಕೊಡುತ್ತಿದ್ದೇವೆ.

ಮೊದಲು ಕಾಯಿದೆಯ ಮಾತು. ಕರ್ನಾಟಕವು ಹರಿದು ಹಂಚಿಹೋಗಿದ್ದ ದಿನಗಳಲ್ಲಿ ಕನ್ನಡಿಗ ಗುಮಾಸ್ತನಿಗೂ ಒಂದು ಕಾಯಿದೆಯಿರಲಿಲ್ಲ. ಧಾರವಾಡ ಬೆಳಗಾವಿಗಳ ಅಂಗಡಿಗೆ ಮುಂಬಯಿಯ ಕಾಯಿದೆ, ಮಂಗಳೂರಿನ ಅಂಗಡಿಗೆ 1947ರ ಮದರಾಸಿನ ಕಾಯಿದೆ, ಮೈಸೂರಿನ ಅಂಗಡಿಗೆ 1948ರ ಸಂಸ್ಥಾನದ ಕಾಯಿದೆ, ಕಲಬುರ್ಗಿಯ ಅಂಗಡಿಗೆ 1951ರ ಹೈದರಾಬಾದಿನ ಕಾಯಿದೆ! ಒಂದೇ ಮಾತನ್ನಾಡಿ ಒಂದೇ ಬಗೆಯ ಬಟ್ಟೆಯನ್ನು ಅಳೆದು ಕೊಡುವ ನಾಲ್ವರಿಗೆ ನಾಲ್ಕು ನ್ಯಾಯ. 1956ರ ನವೆಂಬರ್ 1ರಂದು ಪ್ರಾಂತವು ಒಂದಾಯಿತು. 1961ರಲ್ಲಿ ಅಂಗಡಿಗಳ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯೂ ಒಂದಾಯಿತು. ಏಕೀಕರಣದ ಫಲವು ಕೇವಲ ನಕಾಶೆಯ ಗೆರೆಯಲ್ಲ, ಬಡವನ ಪಗಾರದ ಚೀಟಿಯ ತನಕ ಅದು ಇಳಿಯುವದೆಂಬದಕ್ಕೆ ಇದಕ್ಕಿಂತ ಉತ್ತಮ ದೃಷ್ಟಾಂತವುಂಟೇ?

ಆ ಕಾಯಿದೆಯು ಹೇಳಿದುದೇನು? ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ದುಡಿತದ ಮಿತಿ. ಮಿತಿ ಮೀರಿದ ದುಡಿತಕ್ಕೆ ಎರಡು ಪಟ್ಟು ಕೂಲಿ. 5 ತಾಸಿಗಿಂತ ಹೆಚ್ಚು ಎಡೆಬಿಡದೆ ದುಡಿಸದೆ ನಡುವೆ 1 ತಾಸಿನ ವಿಶ್ರಾಂತಿ. ವಾರಕ್ಕೊಂದು ದಿನ ರಜೆ. 6 ತಿಂಗಳು ದುಡಿದವನನ್ನು ತಕ್ಕ ಕಾರಣವಿಲ್ಲದೆ, 1 ತಿಂಗಳ ಮುನ್ಸೂಚನೆಯನ್ನಾಗಲಿ ಅದರ ಬದಲು ಪಗಾರವನ್ನಾಗಲಿ ಕೊಡದೆ ತೆಗೆದುಹಾಕಕೂಡದೆಂಬ ಕಟ್ಟಳೆ. ಓದಲು ಎಷ್ಟು ಸೊಗಸಾಗಿದೆ! ಈ ಕಟ್ಟಳೆಗಳನ್ನು ಮೇಲಿನ ಅಹವಾಲಿನ ಪಕ್ಕದಲ್ಲಿಟ್ಟು ನೋಡಿರಿ. ಆಗ ನೌಕರನ ದುಃಖಕ್ಕೆ ಕಾರಣವು ಕಾಯಿದೆಯ ಅಭಾವವಲ್ಲ, ಕಾಯಿದೆಯನ್ನು ಎತ್ತಿ ಹಿಡಿಯುವ ಕೈಯ ಅಭಾವವೆಂಬದು ಕಣ್ಣಿಗೆ ಕಟ್ಟುವದು. ಇನ್‌ಸ್ಪೆಕ್ಟರು ಅಂಗಡಿಗೆ ಬಂದಾಗ ಅವರ ಮುಂದೆ ಬಾಯಿ ಬಿಡಬೇಕಾದವನು ಅದೇ ಅಂಗಡಿಯ ಅನ್ನ ತಿನ್ನುವವನು. ಒಬ್ಬನೇ ಬಾಯಿ ಬಿಟ್ಟರೆ ನಾಳೆ ಅವನು ಬೀದಿಯಲ್ಲಿ. ನೂರು ಜನ ಒಂದೇ ಬಾಯಿಂದ ನುಡಿದರೆ ಬೀದಿಗೆ ಹಾಕುವದು ಅಷ್ಟು ಸುಲಭವಲ್ಲ. ಸಂಘವೆಂದರೆ ಇಷ್ಟೇ, ಇದಕ್ಕಿಂತ ಹೆಚ್ಚಿನ ರಹಸ್ಯವೇನೂ ಇಲ್ಲ.

ಇದಕ್ಕೆ ವರ್ತಕ ಮಹಾಶಯರು ಹೂಡುವ ಆಕ್ಷೇಪಗಳು ಮೂರು. ಒಂದೊಂದನ್ನೇ ತೂಗಿ ನೋಡೋಣ.

ಮೊದಲನೆಯ ಆಕ್ಷೇಪ: "ನಮ್ಮ ಅಂಗಡಿಯೆಂದರೆ ಒಂದು ಕುಟುಂಬ. ಹುಡುಗರು ನಮ್ಮ ಮಕ್ಕಳಿದ್ದಂತೆ. ತಂದೆ ಮಕ್ಕಳ ನಡುವೆ ಸಂಘವೆಂತಹದು?" ಈ ಮಾತನ್ನು ಮನಃಪೂರ್ವಕವಾಗಿ ಆಡುವ ಒಳ್ಳೆಯ ಸಾಹುಕಾರರು ನಮ್ಮ ಊರುಗಳಲ್ಲಿ ಇರುವರೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ನೌಕರನ ಮಗಳ ಮದುವೆಗೆ ಸೀರೆ ಕೊಟ್ಟವರುಂಟು, ಆಸ್ಪತ್ರೆಯ ಖರ್ಚನ್ನು ವಹಿಸಿದವರುಂಟು. ಆದರೆ ಮಗನಾದವನು ತಂದೆಯೊಡನೆ ಊಟಕ್ಕೆ ಕೂಡುವನು. ಈ ಮಕ್ಕಳಿಗೆ ಕೂಡಲು ಒಂದು ಮಣೆಯೂ ಇಲ್ಲವಲ್ಲ! ಮಗನು ಹತ್ತು ನಿಮಿಷ ತಡವಾಗಿ ಬಂದರೆ ಯಾವ ತಂದೆಯು ಅವನ ತಟ್ಟೆಯ ಅರ್ಧ ಅನ್ನವನ್ನು ಕಸಿದುಕೊಳ್ಳುವನು? ಒಡೆಯರು ಔದಾರ್ಯದಿಂದ ಕೊಟ್ಟುದನ್ನು ನಾಳೆ ಸಿಟ್ಟು ಬಂದಾಗ ಹಿಂದಕ್ಕೆ ತೆಗೆದುಕೊಳ್ಳಬಹುದು. ಹಕ್ಕಿನಿಂದ ಬಂದುದನ್ನು ಹಾಗೆ ತೆಗೆದುಕೊಳ್ಳಲಾಗದು.

ಕುಟುಂಬದ ಮಾತಾಡುವವರು ಧರ್ಮದರ್ಶಿತ್ವವೆಂಬ ಗಾಂಧೀಜಿಯವರ ಮಾತನ್ನೂ ಆಗಾಗ ಮುಂದೆ ಮಾಡುವದುಂಟು. ಒಳ್ಳೆಯದು, ಗಾಂಧೀಜಿಯವರನ್ನೇ ಸಾಕ್ಷಿಗೆ ಕರೆಯೋಣ. 1918ರಲ್ಲಿ ಅಹಮದಾಬಾದಿನ ಗಿರಣಿಯ ಕೆಲಸಗಾರರು ಪ್ಲೇಗಿನ ಕಾಲದ ಹೆಚ್ಚಿನ ಕೂಲಿಯು ನಿಂತುಹೋದುದಕ್ಕಾಗಿ ನೂರಕ್ಕೆ 35ರಷ್ಟು ಏರಿಕೆಯನ್ನು ಕೇಳಿ ಕೆಲಸ ನಿಲ್ಲಿಸಿದರು. ಎದುರಾಳಿಗಳಾಗಿ ನಿಂತ ಮಾಲಕರಲ್ಲಿ ಅಗ್ರಗಣ್ಯರು ಅಂಬಾಲಾಲ ಸಾರಾಭಾಯಿಯವರು; ಗಾಂಧೀಜಿಯವರ ಆಶ್ರಮವು ಕೈಬರಿದಾದ ಗಳಿಗೆಯಲ್ಲಿ ಹಣವಿತ್ತು ಕಾಪಾಡಿದ ಪುಣ್ಯಾತ್ಮರೂ ಅವರೇ. ಕೆಲಸಗಾರರ ಪಕ್ಷದಲ್ಲಿ ನಿಂತ ಅನಸೂಯಾಬೆನ್ನರು ಅಂಬಾಲಾಲರ ಒಡಹುಟ್ಟಿದ ಅಕ್ಕ. ಇದಕ್ಕಿಂತ ನಿಜವಾದ ಕುಟುಂಬವೆಲ್ಲಿಯದು? ಆದರೂ ಗಾಂಧೀಜಿಯವರು ಕೆಲಸಗಾರರಿಗೆ "ನಿಮ್ಮ ತಂದೆಯ ಮಾತನ್ನು ಕೇಳಿ ಸುಮ್ಮನಿರಿ" ಎಂದು ಉಪದೇಶಿಸಲಿಲ್ಲ. ಅವರೊಡನೆ ನಿಂತು ಉಪವಾಸ ಮಾಡಿದರು. 1920ರಲ್ಲಿ ಅದೇ ಊರಿನಲ್ಲಿ ಮಜೂರ ಮಹಾಜನವೆಂಬ ಕೆಲಸಗಾರರ ಸಂಘವು ಹುಟ್ಟಿತು. ಧರ್ಮದರ್ಶಿಯು ಲೆಕ್ಕ ಒಪ್ಪಿಸತಕ್ಕವನು. ಲೆಕ್ಕ ಕೇಳುವವರನ್ನು ಬೇರೆ ಊರಿಗೆ ವರ್ಗ ಮಾಡುವವನು ಎಂತಹ ಧರ್ಮದರ್ಶಿ?

ಎರಡನೆಯ ಆಕ್ಷೇಪ: "ಸಂಘವೆಂಬದು ಹೊರಗಿನವರು ತಂದು ಹಚ್ಚಿದ ಕಿಚ್ಚು, ನಮ್ಮ ಪೇಟೆಯ ಸಂಪ್ರದಾಯವಲ್ಲ." ಇದನ್ನು ಕೇಳಿದಾಗ ನಗಬೇಕೋ ಅಳಬೇಕೋ ತಿಳಿಯದು. ವರ್ತಕರಿಗೆ ಸಂಘವಿಲ್ಲವೇ? 1916ರಲ್ಲಿ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಬೆಂಗಳೂರಿನಲ್ಲಿ ಮೈಸೂರು ವಾಣಿಜ್ಯ ಮಂಡಳಿಯು ಹುಟ್ಟಿತು. 1928ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯು ಹುಟ್ಟಿತು. ತೆರಿಗೆ ಏರಿದಾಗ ಅವು ಮಂತ್ರಿಗಳಲ್ಲಿಗೆ ನಿಯೋಗ ಒಯ್ದುವು, ಬೇಕಾದಾಗ ಪೇಟೆಗಳು ಬಂದಾದುವು. ಅದು ತಪ್ಪೆಂದು ನಾವೆನ್ನುವದಿಲ್ಲ. ಒಗ್ಗಟ್ಟಿನ ಬಲವನ್ನು ಬಲ್ಲ ಜಾಣರ ಲಕ್ಷಣವದು. ವಕೀಲರಿಗೆ ಸಂಘವುಂಟು, ಶಿಕ್ಷಕರಿಗೆ ಸಂಘವುಂಟು, ವೈದ್ಯರಿಗೆ ಸಂಘವುಂಟು. ಹೀಗಿರಲು, ಸಾಯಂಕಾಲ ವರ್ತಕರ ಸಂಘದ ಸಭೆಯಲ್ಲಿ "ಒಗ್ಗಟ್ಟೇ ಬಲ"ವೆಂದು ಭಾಷಣ ಮಾಡಿ ಬಂದ ಸಾಹುಕಾರರು ಮರುದಿನ ಬೆಳಿಗ್ಗೆ ತಮ್ಮ ಅಂಗಡಿಯ ಹುಡುಗನಿಗೆ "ಸಂಘದ ಹೆಸರೆತ್ತಿದರೆ ಜೋಕೆ" ಎಂದು ಗದರಿಸುವದು ಯಾವ ನ್ಯಾಯ? ದುಡ್ಡುಳ್ಳವನ ಒಗ್ಗಟ್ಟು ಸಂಪ್ರದಾಯ, ದುಡಿಯುವವನ ಒಗ್ಗಟ್ಟು ಕಿಚ್ಚು! ಕನ್ನಡಿಗರಿಗಂತೂ ಈ ಮಾತನ್ನು ಒಪ್ಪಲು ಬಾರದು. 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘವನ್ನು ಕಟ್ಟಿದಂದಿನಿಂದ ನಾವು ಪಡೆದುದೆಲ್ಲ ಸಂಘ ಕಟ್ಟಿಯೇ ಪಡೆದುದಲ್ಲವೇ?

ಮೂರನೆಯ ಆಕ್ಷೇಪವೇ ಗಟ್ಟಿಯಾದುದು: "ಸಂಘ ಬಂದರೆ ಮುಷ್ಕರ ಬರುವದು, ಮುಷ್ಕರ ಬಂದರೆ ಅಂಗಡಿ ಮುಚ್ಚುವದು, ಅಂಗಡಿ ಮುಚ್ಚಿದರೆ ಇವರಿಗೂ ಅನ್ನವಿಲ್ಲ." ಈ ಭಯಕ್ಕೆ ಇತಿಹಾಸವೇನೆನ್ನುವದೆಂಬದನ್ನು ನೋಡೋಣ. 1937ರ ಫೆಬ್ರವರಿ 27ರಂದು ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ವೂಲ್‌ವರ್ತ್ ಎಂಬ ಮಹಾ ಕಂಪನಿಯ ಅಂಗಡಿಯೊಂದರಲ್ಲಿ 108 ಜನ ಹುಡುಗಿಯರು ಮಾರಾಟವನ್ನು ನಿಲ್ಲಿಸಿ ಅಂಗಡಿಯೊಳಗೇ ಕುಳಿತುಬಿಟ್ಟರು. ಏಳು ದಿನ ಅಲ್ಲಿಯೇ ಉಂಡರು, ಅಲ್ಲಿಯೇ ಮಲಗಿದರು. ಏಳನೆಯ ದಿನಕ್ಕೆ ಕಂಪನಿಯು ಬಾಗಿತು: ಗಂಟೆಗೆ 5 ಸೆಂಟಿನ ಏರಿಕೆ, ಸಂಘಕ್ಕೆ ಮನ್ನಣೆ. ಕಂಪನಿಯು ಮುಳುಗಿತೇ? ಇಲ್ಲ, ಅಮೆರಿಕದಲ್ಲಿ ಅದರ ಆ ಅಂಗಡಿಗಳು 1997ರ ತನಕ, ಮತ್ತೆ ಅರವತ್ತು ವರ್ಷ, ನಡೆದುವು. ಈಚೆಗೆ 2022ರಲ್ಲಿ ಅದೇ ದೇಶದ ಟೌಸನ್ ಎಂಬಲ್ಲಿ ಆ್ಯಪಲ್ ಕಂಪನಿಯ ಅಂಗಡಿಯ ನೌಕರರು ಸಂಘದ ಪರವಾಗಿ 65, ವಿರೋಧವಾಗಿ 33 ಮತಗಳನ್ನು ಹಾಕಿದರು. 2024ರಲ್ಲಿ ಕಂಪನಿಯೊಡನೆ ಕರಾರು ಮಾಡಿಕೊಂಡರು. ಲೋಕದ ಅತಿ ಶ್ರೀಮಂತ ಕಂಪನಿಗಳಲ್ಲೊಂದು ಇದರಿಂದ ದಿವಾಳಿಯೆದ್ದಿತೆಂಬ ವಾರ್ತೆಯನ್ನು ನಾವಂತೂ ಕೇಳಿಲ್ಲ.

"ಅದು ಅಮೆರಿಕ, ಇದು ಭಾರತ" ಎನ್ನುವಿರಾದರೆ, ಪಶ್ಚಿಮ ಘಟ್ಟದ ಆಚೆಯ ನಮ್ಮ ನೆರೆಯ ಕೇರಳಕ್ಕೇ ಹೋಗೋಣ. ಕೋಳಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ದುಡಿಯುವ ಹೆಂಗಸರಿಗೂ ನಮ್ಮ ಪೇಟೆಯ ಹೆಂಗಸರಿಗೂ ದುಃಖವೊಂದೇ: ಕೂಡಲು ಆಸನವಿಲ್ಲ, ಹೋಗಲು ಶೌಚಗೃಹವಿಲ್ಲ, ಅದಕ್ಕಾಗಿ ನೀರು ಕುಡಿಯುವಂತಿಲ್ಲ. ಹೊಲಿಗೆಯ ಕೆಲಸದವರಾದ ವಿಜಿ ಎಂಬ ಹೆಣ್ಣುಮಗಳು ಇವರನ್ನು ಕೂಡಿಸಿ ಪೆಣ್‌ಕೂಟ್ಟು, ಎಂದರೆ ಹೆಣ್ಣುಕೂಟ, ಎಂಬ ಗುಂಪನ್ನು ಕಟ್ಟಿದರು. ದೊಡ್ಡ ದೊಡ್ಡ ಕಾರ್ಮಿಕ ಸಂಘಗಳು ಲಕ್ಷ್ಯ ಕೊಡದಿದ್ದಾಗ ಅಸಂಘಟಿತ ದುಡಿಮೆಗಾರರದೇ ಒಂದು ಸಂಘವನ್ನು ಸ್ಥಾಪಿಸಿದರು. 2014ರ ಕೊನೆಯಲ್ಲಿ ತ್ರಿಶೂರಿನ ಒಂದು ಸೀರೆಯ ಮಳಿಗೆಯ ಆರು ಜನ ಹೆಂಗಸರನ್ನು ವರ್ಗದ ನೆವದಿಂದ ಹೊರದೂಡಿದಾಗ ಅವರು ಮಳಿಗೆಯ ಮುಂದೆ ಸತ್ಯಾಗ್ರಹಕ್ಕೆ ಕುಳಿತರು. ಕೂಡಲು ಬಿಡದವರ ಬಾಗಿಲ ಮುಂದೆ ಕೂಡುವದೇ ಅವರ ಹೋರಾಟವಾಯಿತು! ನೂರು ದಿನ ಮೀರಿ ಅದು ನಡೆಯಿತು. ಕೂಗಿನ ಫಲವೇನು? 2018ರಲ್ಲಿ ಕೇರಳ ಸರಕಾರವು ತನ್ನ ಅಂಗಡಿ ಕಾಯಿದೆಯನ್ನು ತಿದ್ದಿ, ನೌಕರರಿಗೆ ಆಸನದ ಏರ್ಪಾಡು ಮಾಡತಕ್ಕದ್ದೆಂದು ವಿಧಿಸಿತು. 2021ರಲ್ಲಿ ತಮಿಳುನಾಡು ಅದನ್ನು ಅನುಸರಿಸಿತು. ಆರು ಜನ ಹೆಂಗಸರು ಬೀದಿಯಲ್ಲಿ ಕುಳಿತುದರಿಂದ ಎರಡು ರಾಜ್ಯಗಳ ಲಕ್ಷಗಟ್ಟಲೆ ಜನಕ್ಕೆ ಕೂಡುವ ಹಕ್ಕು ದೊರೆಯಲು ದಾರಿಯಾಯಿತು. ಕೇರಳದ ಜವಳಿ ವ್ಯಾಪಾರವು ಒಂದು ಪೀಠದ ಭಾರಕ್ಕೆ ಕುಸಿದುಬೀಳಲಿಲ್ಲ.

ಇಲ್ಲಿ ನಾಚಿಕೊಳ್ಳತಕ್ಕ ಇನ್ನೊಂದು ಸಂಗತಿಯುಂಟು. ಇಂಗ್ಲಂಡವು 1899ರಲ್ಲಿಯೇ, ಅಂಗಡಿಯಲ್ಲಿ ದುಡಿಯುವ ಮೂವರು ಹೆಂಗಸರಿಗೆ ಒಂದರಂತಾದರೂ ಆಸನವಿರಬೇಕೆಂದು ಕಾಯಿದೆ ಮಾಡಿತ್ತು. ನಮ್ಮ ದೇಶದಲ್ಲಿ 1948ರ ಕಾರಖಾನೆಗಳ ಕಾಯಿದೆಯು ನಿಂತು ದುಡಿಯುವ ಕೆಲಸಗಾರನಿಗೆ ಆಸನದ ಏರ್ಪಾಡನ್ನು ವಿಧಿಸಿತು. ಆದರೆ 1961ರಲ್ಲಿ ನಮ್ಮ ಅಂಗಡಿ ಕಾಯಿದೆಯನ್ನು ಬರೆದಾಗ ಆಸನದ ನೆನಪು ಯಾರಿಗೂ ಆಗಲಿಲ್ಲ. ಕಾರಖಾನೆಯವನಿಗೆ ನೆನಪಾದುದು ಅಂಗಡಿಯವನಿಗೇಕೆ ಮರೆತುಹೋಯಿತು? ಕಾರಖಾನೆಯವನಿಗೆ ಸಂಘವಿತ್ತು, ಅಂಗಡಿಯವನಿಗೆ ಇರಲಿಲ್ಲ; ಉತ್ತರ ಇಷ್ಟೇ. 2020ರಲ್ಲಿ ಸಂಸತ್ತು ಅಂಗೀಕರಿಸಿದ ಸುರಕ್ಷತೆಯ ಸಂಹಿತೆಯಲ್ಲಿ ನಿಂತು ದುಡಿಯುವವರ ಆಸನದ ಮಾತು ಬಂದಿರುವದು ಸಂತೋಷವೇ. ಆದರೆ ಸಂಹಿತೆಯು ತಾನಾಗಿ ನಡೆದು ಬಂದು ಗಲ್ಲೆಯ ಪಕ್ಕದಲ್ಲಿ ಕುರ್ಚಿಯನ್ನು ಹಾಕಲಾರದು.

ಈಗ ನಮ್ಮನ್ನು ಕೇಳಿದವರಿಗೆ ನೇರವಾದ ಉತ್ತರ. ಸಂಘ ಕಟ್ಟುವ ಹಕ್ಕು ಸಂವಿಧಾನದ 19ನೆಯ ಅನುಚ್ಛೇದದಲ್ಲಿಯೇ ಬರೆದಿರುವದು. ಯಾವ ಸಾಹುಕಾರರ ಅಪ್ಪಣೆಯೂ ಅದಕ್ಕೆ ಬೇಡ. 1926ರ ಕಾರ್ಮಿಕ ಸಂಘಗಳ ಕಾಯಿದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಔದ್ಯೋಗಿಕ ಸಂಬಂಧಗಳ ಸಂಹಿತೆಯು ಬಂದಿರುವದು. ಅದರಂತೆ ಏಳು ಜನ ಕೂಡಿ ನೋಂದಣಿಗೆ ಅರ್ಜಿ ಹಾಕಬಹುದು. ಆದರೆ ಅಂಗಡಿಯ ನೌಕರರಲ್ಲಿ ನೂರಕ್ಕೆ 10 ಜನ ಅಥವಾ 100 ಜನ, ಇವೆರಡರಲ್ಲಿ ಯಾವದು ಕಡಮೆಯೋ ಅಷ್ಟು ಜನ ಸದಸ್ಯರಾಗಿರಬೇಕು. ಒಂದಕ್ಕಿಂತ ಹೆಚ್ಚು ಸಂಘಗಳಿದ್ದಲ್ಲಿ ನೂರಕ್ಕೆ 51ರಷ್ಟು ನೌಕರರ ಬೆಂಬಲವುಳ್ಳ ಸಂಘವೇ ಒಡೆಯರೊಡನೆ ಮಾತಿಗೆ ಕೂಡತಕ್ಕದ್ದು. ಆದುದರಿಂದ ಒಂದೇ ಅಂಗಡಿಯಲ್ಲಿ ಮೂರು ಪಕ್ಷಗಳ ಮೂರು ಸಂಘಗಳನ್ನು ಕಟ್ಟಿ ಕಾದಾಡುವ ಹುಚ್ಚಿಗೆ ಹೋಗಬೇಡಿರಿ. ಸಂಘ ಕಟ್ಟುವವರನ್ನು ಹೆದರಿಸುವದೂ, ಆಡಳಿತದ ನೆವದಿಂದ ದುರುದ್ದೇಶದ ವರ್ಗ ಮಾಡುವದೂ ಅನ್ಯಾಯದ ನಡತೆಯೆಂದು ಕಾಯಿದೆಯು ಹೆಸರಿಸಿ ಹೇಳಿದೆ. ಆ ಇಬ್ಬರ ವರ್ಗದ ಆಜ್ಞೆಯನ್ನು ಪ್ರಶ್ನಿಸಲು ದಾರಿಯುಂಟು. ಅದರಂತೆ ನಿಮ್ಮ ಮೇಲೂ ಕಟ್ಟುಪಾಡುಂಟು: 14 ದಿನಗಳ ನೋಟೀಸು ಕೊಡದೆ ಸಿಟ್ಟಿನ ಭರದಲ್ಲಿ ಕೆಲಸ ನಿಲ್ಲಿಸಿದರೆ ಆ ಮುಷ್ಕರವು ಕಾಯಿದೆಬಾಹಿರವಾಗುವದು. ಮೊದಲು ನೇಮಕದ ಪತ್ರ, ಹಾಜರಿಯ ಲೆಕ್ಕ, ಪಗಾರದ ಚೀಟಿ, ಕಡಿತದ ವಿವರ, ಇವನ್ನು ಒಬ್ಬೊಬ್ಬರೂ ದಿನಾಂಕ ಹಾಕಿ ಬರೆದಿಡಿರಿ. ಕೋರ್ಟಿನಲ್ಲಿ ಕಣ್ಣೀರಿಗಿಂತ ಕಾಗದಕ್ಕೆ ತೂಕ ಹೆಚ್ಚು. ಗೆದ್ದೇ ಗೆಲ್ಲುವಿರೆಂಬ ಸುಳ್ಳು ಭರವಸೆಯನ್ನು ನಾವು ಕೊಡೆವು. ವ್ಯಾಜ್ಯವು ವರ್ಷಗಟ್ಟಲೆ ನಡೆಯಬಹುದು, ಅಷ್ಟು ದಿನ ಒಲೆ ಉರಿಯಬೇಕು. ಒಬ್ಬನ ಒಲೆಗೆ ನೂರು ಜನ ಸೌದೆಯಿಕ್ಕುವದಾದರೆ ಮಾತ್ರ ಅದು ಸಾಧ್ಯ; ಸಂಘದ ವಂತಿಗೆಯ ನಿಜವಾದ ಉಪಯೋಗವದೇ.

ಇನ್ನು ಈ ಪತ್ರಿಕೆಯ ವಾಚಕರಲ್ಲಿ, ವಿಶೇಷವಾಗಿ ಶಿಕ್ಷಕ ಬಂಧುಗಳಲ್ಲಿ, ಒಂದು ವಿಜ್ಞಾಪನೆ. ಆ ಅಂಗಡಿಗಳಲ್ಲಿ ನಿಂತಿರುವವರು ಯಾರು? ನೀವು ಅಕ್ಷರ ಕಲಿಸಿದ ಮಕ್ಕಳೇ. ಹತ್ತನೆಯ ತರಗತಿಯನ್ನೋ ಕಾಲೇಜನ್ನೋ ಮುಗಿಸಿ, ನೌಕರಿ ದೊರೆಯದೆ, ಮನೆಯ ಭಾರಕ್ಕಾಗಿ ಗಲ್ಲೆಯ ಹಿಂದೆ ನಿಂತವರು. ಹಬ್ಬದ ದಿನ ರಾತ್ರಿ ಹತ್ತಕ್ಕೆ ನಾವು ಅಂಗಡಿಗೆ ನುಗ್ಗಿ "ಇನ್ನೂ ಹತ್ತು ತೋರಿಸು" ಎನ್ನುವಾಗ ಅವರ ಮನೆಯ ದೀಪವನ್ನು ಯಾರು ಹಚ್ಚುವರೆಂದು ಕೇಳಿಕೊಂಡಿರುವೆವೇ? ಹಗಲಿನಲ್ಲಿಯೇ ಕೊಳ್ಳಿರಿ. ಆಸನವಿಲ್ಲದ ಅಂಗಡಿಯಲ್ಲಿ "ಈ ತಂಗಿಗೆ ಕುರ್ಚಿ ಎಲ್ಲಿ?" ಎಂದು ಸಾಹುಕಾರರನ್ನು ಮೆಲ್ಲಗೆ ಕೇಳಿರಿ. ಆ ಪ್ರಶ್ನೆಯನ್ನು ನೌಕರನು ಕೇಳಿದರೆ ವರ್ಗ. ಗಿರಾಕಿಯು ಕೇಳಿದರೆ ಕುರ್ಚಿ! ಊರಿನ ವಕೀಲರು ಈ ಸಂಘಗಳ ಕಾಗದಪತ್ರಗಳನ್ನು ಫೀಸಿಲ್ಲದೆ ಬರೆದುಕೊಡಲಿ. ಶಾಲೆಯವರು ರವಿವಾರ ಒಂದು ತಾಸು ಸಭೆಗೆ ಕೋಣೆಯನ್ನು ಕೊಡಲಿ.

ಹದಿನಾಲ್ಕನೆಯ ವಯಸ್ಸಿಗೆ ಅಂಗಡಿಯ ಕೆಲಸಕ್ಕೆ ಸೇರಿದ ಮಾರ್ಗರೆಟ್ ಬಾಂಡ್‌ಫೀಲ್ಡ್ ಎಂಬ ಇಂಗ್ಲಿಷ್ ಹುಡುಗಿಯು ಅಂಗಡಿ ನೌಕರರ ಸಂಘದಲ್ಲಿ ದುಡಿದು, 1929ರಲ್ಲಿ ಆ ದೇಶದ ಕಾರ್ಮಿಕ ಮಂತ್ರಿಯಾದಳು. ಬ್ರಿಟನ್ನಿನ ಸಚಿವ ಸಂಪುಟದಲ್ಲಿ ಕುಳಿತ ಮೊದಲನೆಯ ಹೆಂಗಸು ಅವಳೇ. ನಮ್ಮ ಚಿಕ್ಕಪೇಟೆಯ ಹುಡುಗಿಗೆ ನಾವು ಮಂತ್ರಿಯ ಪೀಠವನ್ನು ಕೇಳುತ್ತಿಲ್ಲ. ಮಾಡಿದ ದುಡಿತಕ್ಕೆ ಪೂರ್ಣ ಕೂಲಿ, ವಾರಕ್ಕೊಂದು ರಜೆ, ಮಾನ ಕಾಯುವ ಒಂದು ಶೌಚಗೃಹ, ಗಿರಾಕಿಯಿಲ್ಲದಾಗ ಕೂಡಲು ಒಂದು ಮಣೆ, ಇಷ್ಟನ್ನೇ ಕೇಳುತ್ತಿದ್ದೇವೆ. ಇಷ್ಟನ್ನು ಕೇಳಲು ಅವಳು ಹತ್ತು ಜನರೊಡನೆ ಕೂಡಿ ಬಂದರೆ, ವರ್ತಕ ಬಂಧುಗಳೇ, ಬಾಗಿಲು ಹಾಕಬೇಡಿರಿ. ಅವಳನ್ನು ಕರೆದು ಎದುರಿಗೆ ಕೂಡ್ರಿಸಿಕೊಂಡು ಮಾತಾಡಿರಿ.